ತಿಳಿದವನಿಗೆ ತಿಳಿಸಬೇಕಿಲ್ಲ

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆಯನ್ನೇ ಪಠ್ಯ ಮಾಡಿಕೊಂಡು, ಅದಕ್ಕೊಂದು ಸ್ನಾತಕೋತ್ತರ ಪದವಿಯನ್ನೂ ಕೊಡುತ್ತಿದ್ದ, ಪರದೇಶದ ವಿಶ್ವವಿದ್ಯಾಲಯವೊಂದರ ವಿಭಾಗ ಅದು. ಕಂಪನಿ ಕಂಪನಿಗಳು ಕಚ್ಚಾಡಿದಾಗ ಕೋರ್ಟಿನ ಮೆಟ್ಟಿಲು ಹತ್ತುವ ಬದಲು, ತಮಗೆ ಒಪ್ಪಿಗೆಯಾದ ಮೂವರು ಪಂಚರನ್ನು ಕೂರಿಸಿ, ಬಾಗಿಲು ಹಾಕಿಕೊಂಡು ತೀರ್ಮಾನ ಮಾಡಿಸಿಕೊಳ್ಳುತ್ತವೆ. ಇದಕ್ಕೆ ಮಧ್ಯಸ್ಥಿಕೆ ಎಂದು ಹೆಸರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು ನಿಜವಾಗಿದ್ದರೆ ಆ ಕಟ್ಟಡಕ್ಕೆ ಎಂದೋ ಬೀಗ ಬೀಳಬೇಕಿತ್ತು. ಅಲ್ಲಿದ್ದವರೆಲ್ಲ ಮಾತು ಬಲ್ಲವರೇ, ಜಗಳವೇ ಅವರ ಅನ್ನ. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಕ್ಯಾಂಟೀನಿನಲ್ಲಿ ಉಪ್ಪಿನ ಡಬ್ಬಿ ಈ ಕಡೆ ತಳ್ಳು ಎನ್ನುವುದಕ್ಕೂ ಮೂರು ಕಾರಣ ಕೊಡುತ್ತಿದ್ದರು.

ಅಂಥ ಮಾತಿನ ಮಲ್ಲರ ನಡುವೆ ಒಬ್ಬ ಗುಮ್ಮನಿದ್ದ. ಆ ಹೆಸರಿಟ್ಟವನು ಅವನ ರೂಮ್‌ಮೇಟ್, ಅವನದೇ ಭಾಷೆಯವನು. "ನೀನು ಗುಮ್ಮನ ಗುಸುಕ ಕಣೋ, ಒಳಗೆ ಏನಿಟ್ಕೊಂಡಿದೀಯೋ ದೇವರಿಗೂ ಗೊತ್ತಾಗಲ್ಲ" ಎಂದು ಮೊದಲ ವಾರವೇ ನಾಮಕರಣ ಮುಗಿಸಿದ್ದ. ಗುಮ್ಮ ಪ್ರತಿಯಾಗಿ ಅವನನ್ನು ರೇಡಿಯೋ ಎಂದು ಕರೆದ. ಹಲ್ಲುಜ್ಜುವಾಗಲೂ ನಿಲ್ಲದ ಬಾಯಿ ಅದು. ನೊರೆಯ ನಡುವೆಯೇ ಕರಾರಿನ ಕಲಮುಗಳು ಉದುರುತ್ತಿದ್ದವು.

ಈಗ ರೇಡಿಯೋ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ, ಲೈಬ್ರರಿಯಿಂದ ಸೈಕಲ್ ಮೇಲೆ ಬರುತ್ತಿದ್ದವನಿಗೆ ತಿರುವಿನಲ್ಲಿ ಲಾರಿಯೊಂದು ಬಡಿಯಿತು. ಡ್ರೈವರನಿಗೆ ಅವನು ಕಾಣಿಸಲೇ ಇಲ್ಲವಂತೆ. ಆಸ್ಪತ್ರೆಯಲ್ಲಿ ಗುರುತು ಹಿಡಿದವನು ಗುಮ್ಮ, ಅವನ ತಾಯಿಗೆ ಫೋನ್ ಮಾಡಿದವನೂ ಗುಮ್ಮ. ಕಕ್ಷಿದಾರರಿಗೆ ಕೆಟ್ಟ ಸುದ್ದಿ ಹೇಗೆ ಹೇಳಬೇಕೆಂದು ತರಗತಿಯಲ್ಲಿ ಕಲಿಸಿದ್ದ ಹಾಗೆ, ಮೊದಲು ವಿಷಯ, ಆಮೇಲೆ ವಿವರ, ಚೊಕ್ಕವಾಗಿ ಹೇಳಿದ. ಆ ಕಡೆಯಿಂದ ಕೂಗು ಕೇಳಿದಾಗ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡ. ಅವನಿಗೆ ಅಳು ಬರಲಿಲ್ಲ. ಅವತ್ತೂ ಬರಲಿಲ್ಲ, ಶವದ ಪೆಟ್ಟಿಗೆ ವಿಮಾನ ಹತ್ತಿದ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದರೆ ದವಡೆ ಇದ್ದೂ ಇಲ್ಲದಂತಾಗುತ್ತದಲ್ಲ, ಅವನ ಇಡೀ ಮೈಗೆ ಹಾಗಾಗಿತ್ತು. ಕಾಫಿ ಮಾಡಿಕೊಳ್ಳುತ್ತಿದ್ದ, ಅದು ಆರಿ ತಣ್ಣಗಾಗುತ್ತಿತ್ತು, ಕುಡಿಯುತ್ತಿದ್ದ. ಹೇಗಿದ್ದೀಯ ಎಂದು ಪ್ರೊಫೆಸರು ಕೇಳಿದರೆ ಪರವಾಗಿಲ್ಲ ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಇಷ್ಟರಲ್ಲಿ, ಗುಮ್ಮ ಮತ್ತು ರೇಡಿಯೋ ಒಂದೇ ತಂಡದಲ್ಲಿ ಸೇರಿಕೊಂಡಿದ್ದ ಅಣಕು ಮಧ್ಯಸ್ಥಿಕೆ ಸ್ಪರ್ಧೆ ಹತ್ತಿರ ಬಂತು. ಸುಳ್ಳು ಸುಳ್ಳೇ ಒಂದು ವ್ಯಾಜ್ಯ ಕಟ್ಟಿ ಕೊಡುತ್ತಾರೆ, ತಂಡಗಳು ಪಂಚರ ಮುಂದೆ ವಾದಿಸಬೇಕು. ಗೆದ್ದ ತಂಡದವರಿಗೆ ದೊಡ್ಡ ಮಧ್ಯಸ್ಥಿಕೆ ಕೇಂದ್ರವೊಂದರಲ್ಲಿ ಕೆಲಸ. ಇದರಲ್ಲೊಂದು ವಿಚಿತ್ರ ಕಟ್ಟಳೆಯಿದೆ. ಪ್ರತಿ ತಂಡವೂ ಎರಡೂ ಕಡೆಯ ವಾದವನ್ನು ಕಲಿತಿರಬೇಕು. ಯಾವ ಕಡೆ ಎನ್ನುವುದು ಅವತ್ತು ಬೆಳಿಗ್ಗೆ ಚೀಟಿ ಎತ್ತಿದಾಗಲೇ ಗೊತ್ತಾಗುವುದು. ತಿಂಗಳುಗಟ್ಟಲೆ ಒಬ್ಬನನ್ನು ಸತ್ಯವಂತ ಎಂದು ಸಾಧಿಸಿದವನು, ಚೀಟಿ ತಿರುಗಿದರೆ ಅವನನ್ನೇ ಕಳ್ಳ ಎನ್ನಬೇಕು, ಅದೂ ಅಷ್ಟೇ ಗಟ್ಟಿ ದನಿಯಲ್ಲಿ. ವಿದ್ಯೆಯ ಬೆನ್ನೆಲುಬೇ ಇದು ಎಂದು ಪ್ರೊಫೆಸರು ಹೇಳುತ್ತಿದ್ದರು. ಬೆನ್ನೆಲುಬಿಲ್ಲದವರ ವಿದ್ಯೆ ಎಂದು ರೇಡಿಯೋ ಹಿಂದಿನ ಬೆಂಚಿನಿಂದ ಪಿಸುಗುಟ್ಟುತ್ತಿದ್ದ.

ಆ ವರ್ಷದ ವ್ಯಾಜ್ಯ ಇಷ್ಟು. ಒಂದು ಔಷಧಿ ಕಂಪನಿ ಲಸಿಕೆ ಇಡಲು ಶೀತಲ ಯಂತ್ರ ಕೊಂಡಿತು. ಯಂತ್ರ ಕೆಟ್ಟು ಲಸಿಕೆಯೆಲ್ಲ ಹಾಳಾಯಿತು. ಕೊಂಡವರು ವಾದಿ, ಯಂತ್ರ ತಯಾರಿಸಿ ಮಾರಿದವರು ಪ್ರತಿವಾದಿ. ಕೆಟ್ಟ ಕೂಡಲೇ ನಮಗೆ ಲಿಖಿತವಾಗಿ ತಿಳಿಸಬೇಕು ಎಂದು ಕರಾರಿನಲ್ಲಿದೆ, ನೀವು ತಡ ಮಾಡಿದಿರಿ, ನಿಮ್ಮ ಹಕ್ಕು ಹೋಯಿತು ಎಂದು ಮಾರಿದವರು ಕೈ ತೊಳೆದುಕೊಂಡರು. ತಡ ಎಂದರೆ ಎಷ್ಟು ತಡ, ಅದಕ್ಕೆ ಕಾರಣವೇನು ಎಂದು ಎಲ್ಲ ತಂಡಗಳೂ ತಲೆ ಚಚ್ಚಿಕೊಳ್ಳುತ್ತಿದ್ದವು. ಬದುಕಿದ್ದಾಗ ರೇಡಿಯೋ ಒಬ್ಬ ಮಾತ್ರ ಯಂತ್ರದ ಕೈಪಿಡಿಯನ್ನು ಕಡೆಯವರೆಗೂ ಓದಿದ್ದ. ಒಳಗೆ ಬಿಸಿ ಏರಿದರೆ ಯಂತ್ರವೇ ತಯಾರಕರ ಕಚೇರಿಗೆ ಸೂಚನೆ ಕಳಿಸುತ್ತದೆ ಎಂದು ಒಂದು ಸಾಲು ಅದರಲ್ಲಿತ್ತು. ಅಂದರೆ ಕೊಂಡವರಿಗಿಂತ ಮೊದಲೇ ಮಾರಿದವರಿಗೆ ಗೊತ್ತು! ಗೊತ್ತಿದ್ದೂ ಸುಮ್ಮನಿದ್ದು ಗಡುವು ಕಳೆಯಲಿ ಎಂದು ಕಾದಿದ್ದಾರೆ. ಇದನ್ನಿಟ್ಟುಕೊಂಡು ಅವನು ವಾದಿಯ ಪರವಾಗಿ ಇಂಗ್ಲಿಷಿನಲ್ಲಿ ಒಂದು ಭಾಷಣ ಕಟ್ಟಿದ್ದ. ಕಾಗದದ ಮೇಲಲ್ಲ, ಅವನಿಗೆ ಬರೆಯುವುದೆಂದರೆ ಆಗದು. ಬಾಯಲ್ಲೇ ಕಟ್ಟಿ, ಬಾಯಲ್ಲೇ ಕೆತ್ತಿ, ಮಂಚದಿಂದ ಕಿಟಕಿಗೆ ಓಡಾಡುತ್ತ ಅದನ್ನು ಎಷ್ಟು ಸಲ ಹೇಳಿದನೆಂದರೆ ಗುಮ್ಮನಿಗೆ ಅದು ಬೇಡವೆಂದರೂ ಬಾಯಿಪಾಠವಾಗಿತ್ತು.

ಸ್ಪರ್ಧೆಯ ಹಿಂದಿನ ದಿನ ರೇಡಿಯೋನ ಅಮ್ಮ ಬಂದಿಳಿದರು. ಮಗ ವಾದಿಸುವುದನ್ನು ನೋಡಲೆಂದು ಅವನೇ ಮೊದಲೇ ವೀಸಾ ಮಾಡಿಸಿ ಟಿಕೆಟ್ ತೆಗೆದಿಟ್ಟಿದ್ದ. ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. "ಬರದೇ ಇದ್ದಿದ್ರೆ ಅವನು ಬೈತಿದ್ದ" ಎಂದರು, ಬಸ್‌ಸ್ಟಾಪಿನಲ್ಲಿ ಗುಮ್ಮನ ಕೈಗೆ ಚೀಲ ಕೊಡುತ್ತ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುವ ಹೆಂಗಸು. ಸೋಪಿನ ನೀರಿಗೆ ಬೆರಳ ತುದಿಗಳು ಸದಾ ಸುಕ್ಕುಗಟ್ಟಿದಂತಿದ್ದವು. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಮಗನ ಹೆಸರು ಬರೆದ ಚೀಟಿಯನ್ನು ವಿಮಾನ ನಿಲ್ದಾಣದಲ್ಲಿ ಕಂಡಕಂಡವರಿಗೆ ತೋರಿಸಿಕೊಂಡು ಬಂದಿದ್ದರು.

ರೂಮಿಗೆ ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಇದಾ ಅವನ ಮಂಚ?"

"ಹೂಂ."

"ಕಿಟಕಿ ಕಡೇದು ಹಿಡ್ಕೊಂಡಿದಾನೆ ನೋಡು. ಬಸ್ಸಲ್ಲೂ ಹೀಗೇ, ತಂಗಿ ಜೊತೆ ಇದಕ್ಕೇ ಜಗಳ."

ಹಾಸಿಗೆಯ ಹೊದಿಕೆ ತೆಗೆದು, ಕೊಡವಿ, ಮೂಲೆಗೆ ಮೂಲೆ ಸೇರಿಸಿ ಮಡಿಸಿದರು. ಆಮೇಲೆ ಅಂಗಿಗಳು. ಒಂದನ್ನೂ ಮೂಸಿ ನೋಡಲಿಲ್ಲ, ಎದೆಗವಚಿಕೊಳ್ಳಲಿಲ್ಲ. ಆಸ್ಪತ್ರೆಯ ಬಟ್ಟೆ ಮಡಿಸುವ ಕೈ ಅದು, ಕೆಲಸ ಮಾಡಿತು. ಗುಮ್ಮ ಗೋಡೆಗೊರಗಿ ನೋಡುತ್ತಿದ್ದ. ಈಗಲಾದರೂ ಏನಾದರೂ ಆಗಬೇಕು, ಈಗಲೂ ಆಗದಿದ್ದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡ. ಏನೂ ಆಗಲಿಲ್ಲ. ಮೂರನೆಯ ಅಂಗಿಗೆ ಗುಂಡಿಯಿಲ್ಲ ಎನ್ನುವುದು ಮಾತ್ರ ಕಣ್ಣಿಗೆ ಬಿತ್ತು.

"ನಾಳೆ ಅವನ ಮಾತು ಯಾರು ಆಡ್ತಾರೆ?" ಅಮ್ಮ ತಲೆಯೆತ್ತದೆ ಕೇಳಿದರು.

"ನಾನೇ ಅಮ್ಮ."

"ಅವನು ಆಡ್ತಿದ್ದದ್ದೇನಾ?"

"ಚೀಟೀಲಿ ವಾದಿ ಅಂತ ಬಂದ್ರೆ ಅದನ್ನೇ."

"ಬರದೇ ಇದ್ರೆ?"

"ಬರುತ್ತೆ ಬಿಡಿ."

"ನಾನು ಅದನ್ನ ಕೇಳೋಕೇ ಬಂದಿರೋದು ಮಗಾ. ಸಾಮಾನು ಆದ್ರೆ ಪಾರ್ಸಲ್‌ನಲ್ಲೂ ಬರ್ತಿತ್ತು."

"ಕೇಳಿಸ್ತೀನಿ ಅಮ್ಮ" ಎಂದ ಗುಮ್ಮ. ಕೈಯಲ್ಲಿಲ್ಲದ್ದಕ್ಕೆ ಮಾತು ಕೊಡಬಾರದು ಎನ್ನುವುದು ವಕೀಲಿಕೆಯ ಮೊದಲ ಪಾಠ. ಅಷ್ಟು ಫೀಸು ಕಟ್ಟಿ ಕಲಿತದ್ದು ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

ಮರುದಿನ ಚೀಟಿ ಎತ್ತಿದವಳು ತಂಡದ ಕ್ಯಾಪ್ಟನ್. ಎರಡು ಸಮುದ್ರದಾಚೆಯಿಂದ ಬಂದ ಹುಡುಗಿ, ಶಿಸ್ತಿನ ಸಿಪಾಯಿ. ರೇಡಿಯೋ ಹೋದ ಮೇಲೆ ತಂಡ ಒಡೆಯದಂತೆ ಹಿಡಿದುಕೊಂಡವಳು, ಗುಮ್ಮನಿಗೆ ಊಟದ ನೆನಪು ಮಾಡುತ್ತಿದ್ದವಳು, ಹಿಂದಿನ ರಾತ್ರಿ ಅಮ್ಮನನ್ನು ತನ್ನ ರೂಮಿನಲ್ಲಿ ಮಲಗಿಸಿಕೊಂಡವಳೂ ಅವಳೇ. ಈ ಕೆಲಸ ಸಿಗದಿದ್ದರೆ ವೀಸಾ ಮುಗಿದು ಅವಳು ಊರಿಗೆ ಹಿಂತಿರುಗಬೇಕಿತ್ತು. ಅವಳ ಊರಿನಲ್ಲಿ ಹೆಣ್ಣು ವಕೀಲೆಯನ್ನು ಕೇಳುವವರು ಯಾರೂ ಇರಲಿಲ್ಲ.

ಚೀಟಿ ಬಿಚ್ಚಿ ನೋಡಿ ಅವಳ ಮುಖ ಅರಳಿತು. "ಪ್ರತಿವಾದಿ! ನಮ್ಮ ಪುಣ್ಯ. ಎದುರಿನವರ ಲಿಖಿತ ವಾದ ಪೂರಾ ಓದಿದೀನಿ, ಕೈಪಿಡಿಯ ಆ ಸಾಲು ಅವರ ಕಣ್ಣಿಗೇ ಬಿದ್ದಿಲ್ಲ. ನಾವು ಬಾಯಿ ಬಿಡದಿದ್ರೆ ಸಾಕು, ಗೆದ್ದ ಹಾಗೇ."

"ರೇಡಿಯೋನ ಅಮ್ಮ ಅವನ ಮಾತು ಕೇಳೋಕೇ ಬಂದಿದಾರಲ್ಲ" ಎಂದ ಗುಮ್ಮ.

ಅವಳ ನಗು ಇಳಿಯಿತು. ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿದಳು. "ನೋಡು, ಕೆಟ್ಟದಾಗಿ ತಿಳ್ಕೋಬೇಡ. ಅವರಿಗೆ ಭಾಷೆ ಬರಲ್ಲ. ನೀನು ಪ್ರತಿವಾದಿಯ ವಾದ ಮಾಡು, ಆಮೇಲೆ ಇದೇ ನಿಮ್ಮ ಮಗನ ಮಾತು ಅಂತ ಹೇಳು. ಅವರಿಗೂ ನೆಮ್ಮದಿ, ನಮಗೂ ಗೆಲುವು. ಯಾರಿಗೆ ನಷ್ಟ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಚಿಸಿದರೆ ತಪ್ಪು ಕಾಣುತ್ತಿರಲಿಲ್ಲ. ಗುಮ್ಮ ಹೂಂ ಎಂದ. ಆ ದಿನಗಳಲ್ಲಿ ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ.

ವಿಚಾರಣೆಯ ಕೋಣೆಯೆಂದರೆ ನೀಲಿ ನೆಲಹಾಸಿನ ಒಂದು ತರಗತಿ, ಅಷ್ಟೆ. ಉದ್ದ ಮೇಜು, ನೀರಿನ ಜಗ್ಗು, ಗುಂಯ್ ಎನ್ನುವ ಹೀಟರು. ನಡುವೆ ಬಿಳಿ ಹುಬ್ಬಿನ ಅಧ್ಯಕ್ಷರು, ನಿಜ ಜೀವನದಲ್ಲೂ ಪಂಚರಾಗಿ ತಲೆ ನೆರೆತವರು. ಅವರ ಎಡಕ್ಕೆ ಬರೆಯುತ್ತಲೇ ಇದ್ದ ವಕೀಲೆ, ಬಲಕ್ಕೆ ಪೆಪ್ಪರಮಿಂಟು ಚೀಪುತ್ತಿದ್ದ ದಪ್ಪನೆಯ ಸಾಹೇಬರು. ಪ್ರೇಕ್ಷಕರು ಬೆರಳೆಣಿಕೆ. ಕೊನೆಯ ಸಾಲಿನಲ್ಲಿ ಅಮ್ಮ, ಕ್ಯಾಪ್ಟನ್‌ಳ ಕೋಟು ತೊಟ್ಟು, ಕಿವಿಯ ಸುತ್ತ ಉಣ್ಣೆಯ ಶಾಲು ಸುತ್ತಿಕೊಂಡು ಕೂತಿದ್ದರು. ತೋಳು ಉದ್ದವಾಗಿ ಬೆರಳು ಮುಚ್ಚಿಹೋಗಿತ್ತು.

ಎದುರು ತಂಡ ತಡ ಯಾಕಾಯಿತು ಎಂದು ಅರ್ಧ ಗಂಟೆ ಗೋಳಾಡಿತು. ಕೈಪಿಡಿಯ ಸುದ್ದಿಯೇ ಬರಲಿಲ್ಲ. ಕ್ಯಾಪ್ಟನ್ ಮೇಜಿನ ಕೆಳಗೆ ಗುಮ್ಮನ ಕಾಲನ್ನು ಮೆಲ್ಲಗೆ ತಟ್ಟಿದಳು. ಆಮೇಲೆ ಗುಮ್ಮ ಎದ್ದ. ಮಾತು ಚೆನ್ನಾಗಿಯೇ ಬಂತು. ದುಃಖವಿಲ್ಲ, ಸಂತೋಷವಿಲ್ಲ, ಅಳುಕಿಲ್ಲ. ಪ್ರತಿವಾದಿಗೆ ಇದಕ್ಕಿಂತ ಒಳ್ಳೆಯ ವಕೀಲ ಎಲ್ಲಿ ಸಿಕ್ಕಾನು? ಗಡುವೆಂದರೆ ಗಡುವು, ಕರಾರೆಂದರೆ ಕರಾರು, ಸಹಿ ಹಾಕಿದ ಮೇಲೆ ಅಳುವಂತಿಲ್ಲ. ಬರೆಯುತ್ತಿದ್ದ ವಕೀಲೆ ತಲೆದೂಗಿದರು.

ಆಗ ಅಧ್ಯಕ್ಷರು ಹುಬ್ಬೆತ್ತಿದರು. "ವಕೀಲರೇ, ಒಂದು ಸಣ್ಣ ವಿಷಯ. ಯಂತ್ರ ಕೆಟ್ಟದ್ದು ನಿಮ್ಮ ಕಕ್ಷಿಗೆ ಮೊದಲು ಗೊತ್ತಾದದ್ದು ಯಾವಾಗ?"

ಇದಕ್ಕೆ ಉತ್ತರ ಸಿದ್ಧವಿತ್ತು. ವಾದಿಯ ಪತ್ರ ತಲುಪಿದ್ದು ಇಂಥ ದಿನ, ದಾಖಲೆ ಇಂಥದ್ದು ಎಂದರೆ ಮುಗಿಯಿತು. ಕೇಳಿದ್ದಕ್ಕೆ ಉತ್ತರವಲ್ಲ, ಸುಳ್ಳೂ ಅಲ್ಲ. ಕ್ಯಾಪ್ಟನ್ ಆಗಲೇ ಆ ಹಾಳೆಯನ್ನು ಅವನ ಮುಂದೆ ಸರಿಸಿದ್ದಳು. ಗುಮ್ಮ ಬಾಯಿ ತೆರೆದ. ಕಣ್ಣು ಸುಮ್ಮನೆ ಕೊನೆಯ ಸಾಲಿಗೆ ಹೋಯಿತು. ಅಮ್ಮ ಕಿವಿಯ ಶಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ತಮ್ಮ ಹೆಸರು ಕೂಗುವುದನ್ನೇ ಕಾಯುವವರ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು. ಪಾಪ, ಒಂದು ಪದವೂ ತಿಳಿಯದ ಮಾತಿಗೆ ಇಷ್ಟು ಕಿವಿ ಕೊಟ್ಟವರನ್ನು ಅವನು ನೋಡಿರಲಿಲ್ಲ.

ಅವನ ಬಾಯಿಂದ ರೇಡಿಯೋನ ಮಾತು ಬಂತು.

"ಗೌರವಾನ್ವಿತರೇ, ಕೊಂಡವರಿಗಿಂತ ಮೊದಲೇ ಗೊತ್ತಾಯಿತು. ಕೈಪಿಡಿಯ ಕೊನೆಯ ಪುಟ ನೋಡಿ. ಬಿಸಿ ಏರಿದ ಗಳಿಗೆಯಲ್ಲೇ ಆ ಯಂತ್ರ ತನ್ನನ್ನು ಮಾಡಿದವರನ್ನು ಕೂಗಿ ಕರೆದಿದೆ. ಪಕ್ಕದ ಮನೆಗೆ ಬೆಂಕಿ ಬಿದ್ದದ್ದನ್ನು ಅಂಗಳದಲ್ಲಿ ನಿಂತು ನೋಡಿದವನು, ಆಮೇಲೆ ಬಂದು ನನಗೆ ಯಾರೂ ಕಾಗದ ಬರೆಯಲಿಲ್ಲ ಅನ್ನುವಂತಿಲ್ಲ. ತಿಳಿದವನಿಗೆ ತಿಳಿಸಬೇಕಿಲ್ಲ. ಅವರು ಕಾಯುತ್ತಿದ್ದದ್ದು ಕಾಗದಕ್ಕಲ್ಲ, ಗಡುವು ಸಾಯುವುದಕ್ಕೆ."

ಕ್ಯಾಪ್ಟನ್‌ಳ ಪೆನ್ನು ಮೇಜಿನಿಂದ ಉರುಳಿ ನೆಲಕ್ಕೆ ಬಿತ್ತು, ಅವಳು ಬಗ್ಗಲಿಲ್ಲ. ಎದುರು ತಂಡದ ಹುಡುಗರು ಸತ್ತೆವೋ ಕೆಟ್ಟೆವೋ ಎಂದು ಕೈಪಿಡಿ ತಿರುವತೊಡಗಿದರು.

ಅಧ್ಯಕ್ಷರು ಕನ್ನಡಕ ತೆಗೆದರು. "ವಕೀಲರೇ, ನೀವು ಯಾರ ಪರ?"

"ಪ್ರತಿವಾದಿಯ ಪರ, ಗೌರವಾನ್ವಿತರೇ."

"ಹಾಗಾದರೆ ಈಗ ಹೇಳಿದ್ದು?"

"ಅದು ನನ್ನ ಸಹವಕೀಲರ ವಾದ."

"ನಂದಲ್ಲ" ಎಂದಳು ಕ್ಯಾಪ್ಟನ್, ಹಲ್ಲು ಕಚ್ಚಿಕೊಂಡು. ದಪ್ಪನೆಯ ಸಾಹೇಬರಿಗೆ ನಗು ಬಂದು ಪೆಪ್ಪರಮಿಂಟು ಗಂಟಲಿಗೆ ಸಿಕ್ಕಿಕೊಂಡಿತು. ನೀರು ಕುಡಿಸಬೇಕಾಯಿತು.

ಫಲಿತಾಂಶ ಹೇಳುವುದೇ ಬೇಕಿರಲಿಲ್ಲ, ಆದರೂ ಹೇಳಿದರು. ಹೊರಗೆ ಕಾರಿಡಾರಿನಲ್ಲಿ ಕ್ಯಾಪ್ಟನ್ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಅವಳ ಕಣ್ಣು ಕೆಂಪಾಗಿತ್ತು.

"ಅವರಿಗೆ ಭಾಷೆ ಬರಲ್ಲ. ಬರಲ್ಲ! ನೀನು ಹವಾಮಾನ ವರದಿ ಓದಿದ್ರೂ ಅವರಿಗೆ ಒಂದೇ ಆಗ್ತಿತ್ತು. ನಿನ್ನ ಕಾಲ ಮೇಲೆ ನೀನು ಚಪ್ಪಡಿ ಎಳ್ಕೊ, ಯಾರು ಬೇಡ ಅಂತಾರೆ? ಪಕ್ಕದಲ್ಲಿ ನನ್ನ ಕಾಲೂ ಇತ್ತು ಕಣೋ."

ಅವಳು ಹೇಳಿದ್ದು ಸರಿ, ನೂರಕ್ಕೆ ನೂರು ಸರಿ. ಅವಳಿಗೆ ಮಾಡಿದ ಅನ್ಯಾಯಕ್ಕೆ ಮೂರಲ್ಲ, ಮೂವತ್ತು ಪಂಚರು ಕೂತರೂ ಪರಿಹಾರವಿಲ್ಲ. ಇದೂ ಗುಮ್ಮನಿಗೆ ತಿಳಿಯುತ್ತಿತ್ತು, ತಾಗುತ್ತಿರಲಿಲ್ಲ. ಅವಳು ಮೂಗೊರೆಸಿಕೊಂಡು, ಬೆಂಚಿನ ಮೇಲೆ ಕೂತಿದ್ದ ಅಮ್ಮನ ಹತ್ತಿರ ಹೋಗಿ, ಕೋಟಿನ ತೋಳಿನ ತುದಿಯನ್ನು ಎರಡು ಮಡಿಕೆ ಮಡಿಸಿ ಅವರ ಬೆರಳು ಹೊರಬರುವಂತೆ ಮಾಡಿ, ಮೆಟ್ಟಿಲಿಳಿದು ಹೊರಟುಹೋದಳು.

ಗುಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅಮ್ಮ, ನಡುವೆ ಮುದುಕರು ಒಂದು ಪ್ರಶ್ನೆ ಕೇಳಿದ್ರಲ್ಲ, ಅದಕ್ಕೆ ನಾನು ಹೇಳಿದ್ದು. ಅದು ಅವನದು."

"ಗೊತ್ತು."

ಅವನು ತಿರುಗಿ ನೋಡಿದ.

"ಅದಕ್ಕೆ ಮುಂಚೆ ನೀನು ಏನೇನೋ ಹೇಳ್ತಿದ್ದೆ. ಅದು ಅವನದಲ್ಲ. ಹುಡುಗ ಮರೆತುಬಿಟ್ಟಿದಾನೆ, ಇಷ್ಟು ದೂರ ಬಂದಿದ್ದು ದಂಡ ಆಯ್ತು ಅಂದ್ಕೊಂಡೆ" ಎಂದರು ಅಮ್ಮ. "ಆಮೇಲೆ ಶುರು ಮಾಡಿದೆಯಲ್ಲ, ಅದು ನಮ್ಮನೇ ಬಾಗಿಲು ತೆಗೆದ ಸದ್ದು."

"ನಿಮಗೆ ಹೇಗೆ ಅಮ್ಮ? ಭಾಷೆ..."

"ಭಾಷೆ ಯಾರಿಗೆ ಬರುತ್ತೆ? ದಿನಾ ಫೋನ್ ಮಾಡಿ ಅದನ್ನೇ ಹೇಳೋನು. ನಿನಗೆ ಕೇಳಿ ಕೇಳಿ ಸಾಕಾಗಿದೆ, ನೀನು ಹೂಂ ಅಂತ ಮಾತ್ರ ಅಂತೀಯಂತೆ, ಅದಕ್ಕೆ ನಾನು ಕೇಳ್ಬೇಕಂತೆ. ಫೋನು ಕಿವಿಗೆ ಸಿಕ್ಕಿಸ್ಕೊಂಡು ಬಟ್ಟೆ ಹಿಂಡ್ತಿದ್ದೆ. ಏನು ಹೇಳ್ತಿದೀಯೋ ಅಂದ್ರೆ, ಅರ್ಥ ಬೇಡಮ್ಮ, ಎಲ್ಲಿ ಎಡವ್ತೀನಿ ಅಷ್ಟು ಹೇಳು ಅನ್ನೋನು. ಎಡವಿದ್ರೆ ಹೇಳ್ತಿದ್ದೆ." ಅವರು ಶಾಲನ್ನು ತೊಡೆಯ ಮೇಲೆ ಮಡಿಸಿದರು. "ನೀನೂ ಒಂದು ಕಡೆ ಎಡವಿದೆ. 'ಫೈರ್' ಅಂತ ಏನೋ ಬರುತ್ತಲ್ಲ, ಅದಾದ ಮೇಲೆ ಸಣ್ಣದೊಂದು ಮಾತಿದೆ. ಅದನ್ನ ಹೇಳಿ ಅವನು ನಿಲ್ತಿದ್ದ, ಒಂದು ಉಸಿರು. ನೀನು ಓಡಿಸ್ಬಿಟ್ಟೆ. ಇನ್ನೊಂದು ಸಲ ಹೇಳು."

"ಇಲ್ಲೇನಾ?"

"ಇಲ್ಲೇ. ಯಾರಿದಾರೆ ಈಗ?"

ಗುಮ್ಮ ಶುರು ಮಾಡಿದ. ಗೌರವಾನ್ವಿತರೇ ಎಂದ. ಯಂತ್ರ ಕೂಗಿ ಕರೆದದ್ದನ್ನು ಹೇಳಿದ. ಪಕ್ಕದ ಮನೆ ಎಂದವನಿಗೆ ಮುಂದಿನ ಪದ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ದವಡೆ ಅದುರತೊಡಗಿತು. ಇಷ್ಟು ದಿನ ಎಲ್ಲಿತ್ತೋ, ಅಳು ಎದ್ದು ಬಂತು, ಅವನಿಗೆ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳಲೂ ಆಗಲಿಲ್ಲ.

ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟರು. ಮುಂದಿನದನ್ನು ಅವರೇ ಹೇಳಿದರು, ಆ ಅರ್ಥವಾಗದ ಭಾಷೆಯಲ್ಲಿ, ಪದಗಳನ್ನು ಎಲ್ಲೆಂದರಲ್ಲಿ ಮುರಿದುಕೊಂಡು, ಮೆಲ್ಲಗೆ. ತಿಳಿದವನಿಗೆ ತಿಳಿಸಬೇಕಿಲ್ಲ ಎನ್ನುವಲ್ಲಿಗೆ ಬಂದು ನಿಂತರು. ಮಗ ತೆಗೆದುಕೊಳ್ಳುತ್ತಿದ್ದಷ್ಟೇ ಉಸಿರು ತೆಗೆದುಕೊಂಡರು. ಗುಮ್ಮ ಮೊಣಕಾಲಿಗೆ ಮುಖ ಹಚ್ಚಿ ಜೋರಾಗಿ ಅಳುತ್ತಿದ್ದ. ಅವರು ಅವನನ್ನು ಸುಮ್ಮನಾಗಿಸಲು ಹೋಗಲಿಲ್ಲ, ಉಳಿದದ್ದನ್ನು ಕೊನೆಯವರೆಗೂ ಹೇಳಿ ಮುಗಿಸಿದರು.